ಸತ್ಕಾರ್ಯ ಏಳಲಾರದೆ ಬಿದ್ದಿರುವುದೇಕೆ? ಮಧ್ಯಯುಗದ ನೀತಿನಾಟಕಗಳೂ ಕ್ರೈಸ್ತರ ರಕ್ಷಣೆಯ ಬೋಧನೆಯೂ

ಗುಣ, ದುರ್ಗುಣಗಳೇ ಪಾತ್ರಗಳಾಗಿ ಬರುವ ಇಂಗ್ಲಿಷ್ ನೀತಿನಾಟಕಗಳಲ್ಲಿ ಅತಿ ಹೆಚ್ಚು ಓದಿಸಿಕೊಂಡದ್ದು ‘ಎವ್ರಿಮ್ಯಾನ್’. ಸಾವಿನ ಕರೆ ಬಂದ ಎವ್ರಿಮ್ಯಾನ್ ಎಂಬವನು ತನ್ನ ಜೊತೆ ಬರುವವರು ಯಾರಿದ್ದಾರೆಂದು ಹುಡುಕುತ್ತಾನೆ. ಗೆಳೆಯ ಬರುವುದಿಲ್ಲ, ನೆಂಟ ಬರುವುದಿಲ್ಲ, ಕೂಡಿಟ್ಟ ಹಣ ಬರುವುದಿಲ್ಲ. ಸಮಾಧಿಯೊಳಕ್ಕೆ ಅವನೊಡನೆ ಇಳಿಯುವವಳು ಸತ್ಕಾರ್ಯ ಒಬ್ಬಳೇ. ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ‘ಒಳ್ಳೆಯದು ಮಾಡು, ಕೊನೆಗೆ ಅದೇ ಕೈಹಿಡಿಯುತ್ತದೆ’ ಎಂಬ ಬುದ್ಧಿಮಾತು ಸಿಗುತ್ತದೆ. ಪಠ್ಯಪುಸ್ತಕಗಳ ಟಿಪ್ಪಣಿಗಳಲ್ಲಿ ಸಾಮಾನ್ಯವಾಗಿ ಕಾಣುವುದೂ ಇದೇ.

ಆದರೆ ನಾಟಕದ ನಟ್ಟನಡುವಿನ ಒಂದು ದೃಶ್ಯ ಈ ಓದಿಗೆ ಒಗ್ಗುವುದಿಲ್ಲ. ಎಲ್ಲರೂ ಕೈಬಿಟ್ಟ ಮೇಲೆ ಎವ್ರಿಮ್ಯಾನ್ ಸತ್ಕಾರ್ಯಳನ್ನು ಕರೆಯುತ್ತಾನೆ. ಅವಳು ನೆಲದ ಮೇಲೆ ತಣ್ಣಗೆ ಬಿದ್ದಿದ್ದಾಳೆ. ಬರುವ ಮನಸ್ಸು ತುಂಬ ಇದೆ, ಆದರೆ ಎದ್ದು ನಿಲ್ಲಲಾಗುತ್ತಿಲ್ಲ; ನಿನ್ನ ಪಾಪಗಳು ನನ್ನನ್ನು ಬಿಗಿದು ಕಟ್ಟಿಹಾಕಿವೆ ಎನ್ನುತ್ತಾಳೆ. ಒಳ್ಳೆಯ ಕೆಲಸವೇ ಮನುಷ್ಯನನ್ನು ಉಳಿಸುವುದಾದರೆ ಆ ಒಳ್ಳೆಯ ಕೆಲಸಕ್ಕೇ ಏಳುವ ಶಕ್ತಿ ಇಲ್ಲದಿರುವುದೇಕೆ? ಅವಳನ್ನು ಎಬ್ಬಿಸುವುದು ಏನು? ಮಧ್ಯಯುಗದ ಧರ್ಮಸಭೆ (ಚರ್ಚ್) ರಕ್ಷಣೆಯ ಬಗ್ಗೆ ಕಲಿಸುತ್ತಿದ್ದುದರ ತಿರುಳು ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿದೆ. ಏನೇನು ಮಾಡಬೇಕು ಎನ್ನುವುದಕ್ಕಿಂತ ಯಾವುದರ ನಂತರ ಯಾವುದು ಎನ್ನುವ ಕ್ರಮವನ್ನು ಈ ನಾಟಕ ಕಲಿಸುತ್ತದೆ. ಆ ಕ್ರಮ ತಪ್ಪಿಸಿ ಓದಿದರೆ ನಾಟಕ ಕೈಗೆ ಸಿಗುವುದಿಲ್ಲ.

ಇಂಥ ನಾಟಕಗಳು ಹುಟ್ಟಿದ್ದೇಕೆ

1215ರಲ್ಲಿ ರೋಮ್‌ನಲ್ಲಿ ಸೇರಿದ ಧರ್ಮಸಭೆಯ ನಾಲ್ಕನೆಯ ಲ್ಯಾಟರನ್ ಮಹಾಸಭೆ ಒಂದು ಕಟ್ಟಳೆ ತಂದಿತು. ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬ ಗಂಡಸೂ ಹೆಂಗಸೂ ವರ್ಷಕ್ಕೊಮ್ಮೆಯಾದರೂ ತನ್ನ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಬೇಕು, ಈಸ್ಟರ್ ಹೊತ್ತಿಗೆ ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಕೊಡುವ ರೊಟ್ಟಿ) ಸ್ವೀಕರಿಸಬೇಕು. ಕಟ್ಟಳೆ ಸಣ್ಣದು, ಅದರ ಪರಿಣಾಮ ದೊಡ್ಡದು. ಮಾಡಿದ ಪಾಪವನ್ನು ಹೇಳಿಕೊಳ್ಳಬೇಕಾದರೆ ಯಾವುದು ಪಾಪ, ಅದು ಯಾವ ಜಾತಿಯ ಪಾಪ, ಎಷ್ಟು ಗಂಭೀರ ಎನ್ನುವುದು ಜನಕ್ಕೆ ಗೊತ್ತಿರಬೇಕು. ಲ್ಯಾಟಿನ್ ತಿಳಿಯದ, ಓದುಬರಹ ಬಾರದ ರೈತನಿಗೂ ನೇಕಾರನಿಗೂ ಇದನ್ನು ಕಲಿಸುವುದು ಹೇಗೆ?

ಇಂಗ್ಲೆಂಡಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾನ್ ಪೆಕಮ್ 1281ರಲ್ಲಿ ಲ್ಯಾಂಬೆತ್‌ನಲ್ಲಿ ನಡೆದ ಸಭೆಯ ಮೂಲಕ ಪಾದ್ರಿಗಳಿಗೆ ಒಂದು ಪಠ್ಯಕ್ರಮವನ್ನೇ ಕೊಟ್ಟರು. ವರ್ಷಕ್ಕೆ ನಾಲ್ಕು ಸಲ, ಜನರ ಆಡುಮಾತಿನಲ್ಲಿ ಇವನ್ನು ವಿವರಿಸಬೇಕು: ವಿಶ್ವಾಸದ 14 ಸೂತ್ರಗಳು, ಹತ್ತು ಕಟ್ಟಳೆಗಳು, ದೇವರನ್ನೂ ನೆರೆಯವರನ್ನೂ ಪ್ರೀತಿಸೆಂಬ ಎರಡು ಆಜ್ಞೆಗಳು, ಏಳು ಕರುಣೆಯ ಕಾರ್ಯಗಳು, ಏಳು ಮೂಲಪಾಪಗಳು, ಏಳು ಸದ್ಗುಣಗಳು, ಏಳು ಸಂಸ್ಕಾರಗಳು (ದೇವರ ಕೃಪೆ ತಲುಪಿಸುವ ಧರ್ಮವಿಧಿಗಳು). ನೀತಿನಾಟಕಗಳ ಪಾತ್ರಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಂಬಂಧ ತಾನಾಗಿ ಕಾಣುತ್ತದೆ. ಅಹಂಕಾರ, ಲೋಭ, ಮತ್ಸರ, ದಯೆ, ಸಹನೆ, ಪಾಪನಿವೇದನೆ ಎಲ್ಲವೂ ಪಾದ್ರಿ ಪೀಠದಿಂದ ಎಣಿಸಿ ಹೇಳುತ್ತಿದ್ದ ಹೆಸರುಗಳೇ. ನಾಟಕ ಅವಕ್ಕೆ ಕೈಕಾಲು ಕೊಟ್ಟಿತು, ಬಾಯಿ ಕೊಟ್ಟಿತು.

ಈ ನೀತಿನಾಟಕಗಳ ಕಾಲದಲ್ಲೇ ಯಾರ್ಕ್ ಮುಂತಾದ ಊರುಗಳಲ್ಲಿ ಬೈಬಲ್ ಕಥೆಗಳ ದೊಡ್ಡ ಸರಣಿ ನಾಟಕಗಳೂ ನಡೆಯುತ್ತಿದ್ದವು. ಅವು ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗೆ ಇಡೀ ಲೋಕದ ಚರಿತ್ರೆ ಹೇಳಿದರೆ, ನೀತಿನಾಟಕ ಒಂದೇ ಒಂದು ಆತ್ಮದ ಚರಿತ್ರೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಮಧ್ಯಯುಗದ ನೀತಿನಾಟಕಗಳೆಂದು ಸಾಮಾನ್ಯವಾಗಿ ಎಣಿಸುವುದು ಐದನ್ನು: ‘ದಿ ಪ್ರೈಡ್ ಆಫ್ ಲೈಫ್’, ‘ದಿ ಕಾಸಲ್ ಆಫ್ ಪರ್ಸಿವಿಯರೆನ್ಸ್’, ‘ವಿಸ್ಡಮ್’, ‘ಮ್ಯಾನ್‌ಕೈಂಡ್’ ಮತ್ತು ‘ಎವ್ರಿಮ್ಯಾನ್’. ಮೊದಲನೆಯದು ಡಬ್ಲಿನ್‌ನ ಮಠವೊಂದರ ಲೆಕ್ಕಪತ್ರದ ಸುರುಳಿಯಲ್ಲಿ ಖಾಲಿ ಉಳಿದಿದ್ದ ಜಾಗದಲ್ಲಿ ಬರೆದಿಟ್ಟ ಅಪೂರ್ಣ ನಾಟಕ. 1922ರಲ್ಲಿ ಐರಿಷ್ ಅಂತರ್ಯುದ್ಧದ ಹೊತ್ತಿಗೆ ಡಬ್ಲಿನ್‌ನ ದಾಖಲೆ ಕಚೇರಿ ಸಿಡಿದು ಸುಟ್ಟುಹೋದಾಗ ಆ ಸುರುಳಿಯೂ ಹೋಯಿತು. ಅದಕ್ಕೂ ಮೊದಲೇ ಅಚ್ಚಾಗಿದ್ದರಿಂದ ಪಠ್ಯ ಉಳಿಯಿತು. ನಡುವಿನ ಮೂರು ನಾಟಕಗಳು ಒಂದೇ ಹಸ್ತಪ್ರತಿ ಸಂಪುಟದಲ್ಲಿ ಉಳಿದು ಬಂದು ಈಗ ವಾಷಿಂಗ್ಟನ್‌ನ ಫೋಲ್ಜರ್ ಗ್ರಂಥಾಲಯದಲ್ಲಿವೆ. ‘ಎವ್ರಿಮ್ಯಾನ್’ಗೆ ಕೈಬರಹದ ಪ್ರತಿಯೇ ಇಲ್ಲ. 16ನೆಯ ಶತಮಾನದ ಮೊದಲ ದಶಕಗಳ ನಾಲ್ಕು ಮುದ್ರಣಗಳು ಸಿಕ್ಕಿವೆ, ಅವುಗಳಲ್ಲಿ ಎರಡು ಬರಿಯ ತುಣುಕು. ಅದು 15ನೆಯ ಶತಮಾನದ ಕೊನೆಯ ಡಚ್ ನಾಟಕ ‘ಎಲ್ಕರ್ಲೈಕ್’ನ ಇಂಗ್ಲಿಷ್ ರೂಪ ಎಂಬುದನ್ನು ಈಗ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ನಾಟಕ ನೋಡುವ ಮೊದಲು ತಿಳಿದಿರಬೇಕಾದ ಸಿದ್ಧಾಂತ

ಆ ಕಾಲದ ಪ್ರೇಕ್ಷಕನಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ನಮಗೆ ಬೇಕು.

ಆದಾಮನಿಂದ ಎಲ್ಲರಿಗೂ ಬಂದ ಆದಿಪಾಪವನ್ನು ಜ್ಞಾನಸ್ನಾನ (ಕ್ರೈಸ್ತಧರ್ಮಕ್ಕೆ ಸೇರಿಸುವ ನೀರಿನ ಸಂಸ್ಕಾರ) ತೊಳೆಯುತ್ತದೆ, ಆತ್ಮದಲ್ಲಿ ದೇವರ ಕೃಪೆ ನೆಲೆಸುತ್ತದೆ. ಆಮೇಲೆ ಮನುಷ್ಯ ಮತ್ತೆ ಪಾಪ ಮಾಡುತ್ತಾನೆ. ಸಣ್ಣ ಪಾಪಗಳು ಕೃಪೆಯನ್ನು ಮಂಕು ಮಾಡುತ್ತವೆ. ಮಾರಕ ಪಾಪ ಅದನ್ನು ಕೊಂದೇಬಿಡುತ್ತದೆ. ಪಾಪವೊಂದು ಮಾರಕವಾಗಲು ವಿಷಯ ಗಂಭೀರವಾಗಿರಬೇಕು, ಮಾಡುವವನಿಗೆ ಅದು ತಿಳಿದಿರಬೇಕು, ಮನಸ್ಸಾರೆ ಒಪ್ಪಿ ಮಾಡಿರಬೇಕು.

ಮಾರಕ ಪಾಪದ ಸ್ಥಿತಿಯಲ್ಲಿರುವವನ ಒಳ್ಳೆಯ ಕೆಲಸಗಳ ಗತಿ ಏನು? ಇದಕ್ಕೆ 13ನೆಯ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಖಚಿತವಾದ ಉತ್ತರ ಕೊಟ್ಟಿದ್ದರು. ಕೃಪೆಯಲ್ಲಿದ್ದಾಗ ಮಾಡಿದ ಒಳ್ಳೆಯ ಕೆಲಸಗಳನ್ನು ಆಮೇಲಿನ ಪಾಪ ಜೀವಚ್ಛವವಾಗಿಸುತ್ತದೆ. ಪ್ರಾಯಶ್ಚಿತ್ತ ಸಂಸ್ಕಾರದಿಂದ ಪಾಪ ನೀಗಿದಾಗ ಅವು ಮತ್ತೆ ಜೀವ ತಳೆಯುತ್ತವೆ. ಪಾಪದ ಸ್ಥಿತಿಯಲ್ಲೇ ಮಾಡಿದ ಕೆಲಸಗಳು ಹುಟ್ಟುವಾಗಲೇ ನಿರ್ಜೀವ, ಅವು ಏಳುವುದೇ ಇಲ್ಲ. ಸತ್ಕಾರ್ಯ ನೆಲಹಿಡಿದು ಬಿದ್ದಿರುವುದೇಕೆ ಎಂಬುದಕ್ಕೆ ಕಾರಣ ಇದು. ಅವಳು ಸತ್ತಿಲ್ಲ, ಕಟ್ಟಿನಲ್ಲಿ ಸಿಲುಕಿದ್ದಾಳೆ. ನಾಟಕಕಾರ ಅವಳ ಬಾಯಿಂದ ಹೇಳಿಸುವುದೂ ‘ಕಟ್ಟು’ ಎಂದೇ.

ಇನ್ನೊಂದು ಭೇದವೂ ಮುಖ್ಯ. ಪಾಪಕ್ಕೆ ದೋಷ ಬೇರೆ, ದಂಡ ಬೇರೆ. ಪಾಪನಿವೇದನೆಯಲ್ಲಿ ಪಾದ್ರಿ ಕೊಡುವ ಕ್ಷಮೆ ದೋಷವನ್ನೂ ನರಕದ ಶಾಶ್ವತ ದಂಡವನ್ನೂ ತೆಗೆಯುತ್ತದೆ. ಉಳಿಯುವ ತಾತ್ಕಾಲಿಕ ದಂಡವನ್ನು ಈ ಲೋಕದಲ್ಲಿ ಉಪವಾಸ, ಪ್ರಾರ್ಥನೆ, ದಾನಗಳಿಂದ ತೀರಿಸಬೇಕು; ತೀರದೆ ಉಳಿದರೆ ಸತ್ತ ಮೇಲೆ ಶುದ್ಧೀಕರಣ ಸ್ಥಳದ ಬೆಂಕಿಯಲ್ಲಿ ತೀರಿಸಬೇಕು. ಹಾಗಾಗಿ ಪ್ರಾಯಶ್ಚಿತ್ತಕ್ಕೆ ಮೂರು ಅಂಗ: ಹೃದಯದ ಪಶ್ಚಾತ್ತಾಪ, ಬಾಯಿಯ ನಿವೇದನೆ, ಕೃತಿಯ ಪರಿಹಾರ. ಮೂರರಲ್ಲಿ ಒಂದನ್ನು ಬಿಟ್ಟರೂ ಸಂಸ್ಕಾರ ಅಪೂರ್ಣ.

ಎವ್ರಿಮ್ಯಾನ್‌ನ ಕೊನೆಯ ದಿನ

ನಾಟಕ ಸುಮಾರು 920 ಸಾಲು, 17 ಪಾತ್ರ. ಸಂದೇಶವಾಹಕನೊಬ್ಬನ ಮುನ್ನುಡಿ ಮುಗಿದ ಮೇಲೆ ದೇವರ ಮಾತು. ಜನ ನನ್ನನ್ನು ಮರೆತು ಸಂಪತ್ತಿನಲ್ಲಿ ಮುಳುಗಿದ್ದಾರೆ ಎಂದು ದೂರುವ ಈ ದೇವರು ಶಿಲುಬೆಯ ಮೇಲೆ ತೂಗಿದ್ದನ್ನೂ ಮುಳ್ಳು ಚುಚ್ಚಿದ ತಲೆಯನ್ನೂ ನೆನಪಿಸುತ್ತಾನೆ. ಲೆಕ್ಕ ಕೇಳಲು ಕರೆಯುತ್ತಿರುವವನೇ ಮೊದಲು ತನ್ನ ಜೀವ ತೆತ್ತವನು ಎಂಬುದು ನಾಟಕದ ಆರಂಭದಲ್ಲೇ ಸ್ಪಷ್ಟವಾಗುತ್ತದೆ. ಮುಂದೆ ಬರುವ ಪಾಪನಿವೇದನೆ, ಪರಮಪ್ರಸಾದ, ಅಂತಿಮ ಅಭ್ಯಂಗನ (ಸಾಯುವವರಿಗೆ ಎಣ್ಣೆ ಹಚ್ಚುವ ಸಂಸ್ಕಾರ) ಎಲ್ಲವೂ ಆ ಮರಣದ ಫಲವನ್ನು ಈ ಒಬ್ಬ ಮನುಷ್ಯನಿಗೆ ತಲುಪಿಸುವ ದಾರಿಗಳು. ಈ ಮಾತನ್ನು ಅವಸರದಲ್ಲಿ ದಾಟಿದವರಿಗೆ ನಾಟಕದಲ್ಲಿ ಕ್ರಿಸ್ತನೇ ಇಲ್ಲ ಎನ್ನಿಸುತ್ತದೆ.

ಸಾವು ಬಂದು ಲೆಕ್ಕದ ಪುಸ್ತಕದೊಡನೆ ಹೊರಡು ಎನ್ನುತ್ತದೆ. ಎವ್ರಿಮ್ಯಾನ್ ಸಾವಿರ ಪೌಂಡು ಲಂಚ ಕೊಡಲು ಮುಂದಾಗುತ್ತಾನೆ, ಹನ್ನೆರಡು ವರ್ಷ ಗಡುವು ಸಿಕ್ಕಿದ್ದರೆ ಪುಸ್ತಕ ಸರಿಮಾಡಿಕೊಳ್ಳುತ್ತಿದ್ದೆ ಎನ್ನುತ್ತಾನೆ, ಕೊನೆಗೆ ನಾಳೆಯವರೆಗಾದರೂ ಬಿಡು ಎಂದು ಅಂಗಲಾಚುತ್ತಾನೆ. ಯಾವುದೂ ನಡೆಯುವುದಿಲ್ಲ. ನಮ್ಮ ಓದುಗರಿಗೆ ಇಲ್ಲಿ ಚಿತ್ರಗುಪ್ತನ ನೆನಪಾಗುವುದು ಸಹಜ. ವ್ಯತ್ಯಾಸವನ್ನು ಗಮನಿಸಬೇಕು: ಈ ಪುಸ್ತಕ ಮೇಲೆಲ್ಲೋ ಇಲ್ಲ, ಲೆಕ್ಕ ಕೊಡಬೇಕಾದವನೇ ಅದನ್ನು ತರಬೇಕು. ಮುಖ್ಯವಾಗಿ, ಪಾಪ ಪುಣ್ಯಗಳನ್ನು ಎರಡು ಕಡೆ ಕೂಡಿ ಕಳೆದು ಉಳಿದದ್ದನ್ನು ನೋಡುವ ಲೆಕ್ಕ ಇದಲ್ಲ. ಪುಸ್ತಕ ಮಸಿಯಾಗಿದೆ, ಅದು ತಿಳಿಯಾಗಬೇಕು. ಎಷ್ಟೇ ಪುಣ್ಯ ಸೇರಿಸಿದರೂ ಮಸಿ ಹೋಗುವುದಿಲ್ಲ.

ಸ್ನೇಹ, ಬಂಧು, ದಾಯಾದಿ ಒಬ್ಬೊಬ್ಬರಾಗಿ ಜಾರಿಕೊಳ್ಳುವ ದೃಶ್ಯಗಳು ಸುಲಭವಾಗಿ ಅರ್ಥವಾಗುತ್ತವೆ. ದಾಯಾದಿ ಕಾಲ್ಬೆರಳು ಸೆಟೆದುಕೊಂಡಿದೆ ಎಂಬ ನೆಪ ಹೇಳುತ್ತಾನೆ. ಸಂಪತ್ತಿನ ದೃಶ್ಯದಲ್ಲಿ ನಿಧಾನಿಸಬೇಕು. ಸಂಪತ್ತು ಮೂಲೆಯಲ್ಲಿ ಬಿದ್ದಿದೆ. ಪೆಟ್ಟಿಗೆಗಳಲ್ಲಿ ಬೀಗ ಹಾಕಿ, ಚೀಲಗಳಲ್ಲಿ ತುಂಬಿ, ಗಂಟು ಕಟ್ಟಿ ಒಟ್ಟಿದ್ದರಿಂದ ಅಲುಗಾಡಲಾಗುತ್ತಿಲ್ಲ. ಇದಾದ ಕೂಡಲೇ ಬರುವುದು ಸತ್ಕಾರ್ಯಳ ದೃಶ್ಯ, ಅವಳೂ ಅಲುಗಾಡಲಾರಳು. ಏಳಲಾಗದ ಎರಡು ದೇಹಗಳನ್ನು ನಾಟಕಕಾರ ಬೇಕೆಂದೇ ಅಕ್ಕಪಕ್ಕ ಇಟ್ಟಿದ್ದಾನೆ. ಒಂದು ಅತಿಯಾಗಿ ಕೂಡಿಟ್ಟು ಏಳಲಾರದ್ದು, ಇನ್ನೊಂದು ಕಡೆಗಣಿಸಿ ಸೊರಗಿ ಏಳಲಾರದ್ದು. ಎರಡಕ್ಕೂ ಸಂಬಂಧವಿದೆ ಎಂದು ಸಂಪತ್ತೇ ಹೇಳುತ್ತದೆ: ನನ್ನನ್ನು ಮಿತವಾಗಿ ಪ್ರೀತಿಸಿ ಒಂದು ಪಾಲನ್ನು ಬಡವರಿಗೆ ಕೊಟ್ಟಿದ್ದರೆ ನಿನಗೆ ಈ ಗೋಳು ಇರುತ್ತಿರಲಿಲ್ಲ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ತೀರ್ಪಿನ ದಿನ ಕೇಳುವುದು ಹಸಿದವರಿಗೆ ಉಣಿಸಿದೆಯಾ, ಬೆತ್ತಲಿದ್ದವರಿಗೆ ಉಡಿಸಿದೆಯಾ ಎಂದೇ. ಆ ಆರು ಕೆಲಸಗಳಿಗೆ ಸತ್ತವರನ್ನು ಹೂಳುವುದನ್ನು ಸೇರಿಸಿ ಏಳು ಕರುಣೆಯ ಕಾರ್ಯಗಳಾದವು.

ಇಲ್ಲಿಂದ ಮುಂದಿನದು ಹೆಜ್ಜೆ ಹೆಜ್ಜೆಯಾಗಿ ನೋಡಬೇಕಾದ ಭಾಗ. ಸತ್ಕಾರ್ಯ ತಾನು ಏಳಲಾರದಿದ್ದರೂ ತನ್ನ ಸೋದರಿ ಅರಿವನ್ನು ಜೊತೆ ಕಳಿಸುತ್ತಾಳೆ. ಅರಿವು ಅವನಿಗೆ ಪುಸ್ತಕದ ಪಾಠ ಏನನ್ನೂ ಹೇಳಿಕೊಡುವುದಿಲ್ಲ. ಅವಳ ಕೆಲಸ ಒಂದೇ, ಅವನು ತನ್ನ ಪಾಪವನ್ನು ಗುರುತಿಸುವಂತೆ ಮಾಡಿ ಮದ್ದು ಸಿಗುವ ಮನೆಗೆ ಕರೆದೊಯ್ಯುವುದು. ರಕ್ಷಣೆಯ ಮನೆಯಲ್ಲಿ ಪಾಪನಿವೇದನೆ ಎಂಬ ಪಾತ್ರದ ಮುಂದೆ ಎವ್ರಿಮ್ಯಾನ್ ಮೊಣಕಾಲೂರುತ್ತಾನೆ. ಅಲ್ಲಿ ಅವನಿಗೆ ಸಿಗುವುದು ಪ್ರಾಯಶ್ಚಿತ್ತ ಎಂಬ ‘ಅಮೂಲ್ಯ ರತ್ನ’. ಅದನ್ನು ಆಚರಿಸಲು ಕೈಗೆ ಬರುವುದು ಚಾವಟಿ. ಕ್ರಿಸ್ತನೂ ನಿನಗಾಗಿ ಚಾವಟಿಯೇಟು ತಿಂದ ಎಂಬ ನೆನಪಿನ ಮಾತು ಅದರ ಜೊತೆಗೇ ಬರುತ್ತದೆ. ಎವ್ರಿಮ್ಯಾನ್ ದೇವರನ್ನೂ ಕ್ರಿಸ್ತನ ತಾಯಿ ಮರಿಯಳನ್ನೂ ಪ್ರಾರ್ಥಿಸಿ, ಶುದ್ಧೀಕರಣ ಸ್ಥಳದ ಉರಿಯಿಂದ ಪಾರಾಗಲು ಎಂದು ಹೇಳಿ ತನ್ನ ಮೈಗೆ ತಾನೇ ಹೊಡೆದುಕೊಳ್ಳುತ್ತಾನೆ.

ಆ ಗಳಿಗೆಯಲ್ಲಿ ಸತ್ಕಾರ್ಯ ಎದ್ದು ನಡೆದು ಬರುತ್ತಾಳೆ.

ಈ ಮಧ್ಯೆ ಅವನು ಹೊಸದಾಗಿ ಯಾವ ದಾನವನ್ನೂ ಮಾಡಿಲ್ಲ, ಯಾರಿಗೂ ಉಪಕಾರ ಮಾಡಿಲ್ಲ. ಪುಣ್ಯದ ಮೊತ್ತ ಒಂದು ಕಾಸಿನಷ್ಟೂ ಹೆಚ್ಚಿಲ್ಲ. ಬದಲಾದದ್ದು ಅವನ ಸ್ಥಿತಿ. ಕೃಪೆ ಮರಳಿದೆ, ಹಾಗಾಗಿ ಕಟ್ಟು ಕಳಚಿದೆ, ಹಾಗಾಗಿ ಹಿಂದೆಂದೋ ಮಾಡಿದ್ದ ಅಲ್ಪಸ್ವಲ್ಪ ಒಳ್ಳೆಯದಕ್ಕೂ ಜೀವ ಬಂದಿದೆ. ಅಕ್ವಿನಾಸ್‌ನ ಒಣ ವಾಕ್ಯವನ್ನು ಪಾತ್ರವೊಂದರ ಎರಡು ಕಾಲುಗಳ ಮೂಲಕ ತೋರಿಸಿಕೊಟ್ಟ ಈ ಕ್ಷಣ ಇಡೀ ಮಧ್ಯಯುಗದ ರಂಗಭೂಮಿಯ ಶ್ರೇಷ್ಠ ಕ್ಷಣಗಳಲ್ಲೊಂದು ಎಂದು ಯಾವ ಸಂಕೋಚವೂ ಇಲ್ಲದೆ ಹೇಳಬಹುದು.

ಆಮೇಲೆ ಅರಿವು ಅವನಿಗೆ ಕಣ್ಣೀರಲ್ಲಿ ನೆಂದ ಪಶ್ಚಾತ್ತಾಪದ ಬಟ್ಟೆ ತೊಡಿಸುತ್ತಾಳೆ. ಸಿದ್ಧಾಂತದಲ್ಲಿ ಪಶ್ಚಾತ್ತಾಪ ಮೊದಲಲ್ಲವೇ, ಇಲ್ಲಿ ಕೊನೆಗೆ ಬಂತಲ್ಲ ಎಂದು ಕೇಳಬಹುದು. ನಿವೇದನೆಯ ಮುಂದೆ ಮೊಣಕಾಲೂರುವಾಗಲೇ ಅವನು ಪಶ್ಚಾತ್ತಾಪದ ಮಾತಾಡಿರುತ್ತಾನೆ. ಬಟ್ಟೆ ಹೇಳುವುದು ಅದನ್ನು ಸಾಯುವವರೆಗೂ ಮೈಮೇಲಿಂದ ತೆಗೆಯಬಾರದು ಎಂಬುದನ್ನು. ಪ್ರದರ್ಶನದಲ್ಲಿ ಈ ಬಟ್ಟೆಯನ್ನು ಮುಂದಿನ ದೃಶ್ಯಕ್ಕೆ ಕಳಚಿಟ್ಟರೆ ಅರ್ಥ ಕೆಡುತ್ತದೆ.

ವಿವೇಕ, ಬಲ, ಚೆಲುವು, ಪಂಚೇಂದ್ರಿಯ ಎಂಬ ನಾಲ್ವರು ಹೊಸ ಸಂಗಾತಿಗಳು ಸೇರಿದ ಮೇಲೆ ಎವ್ರಿಮ್ಯಾನ್ ಉಯಿಲು ಹೇಳುತ್ತಾನೆ. ಆಸ್ತಿಯ ಅರ್ಧ ಬಡವರಿಗೆ. ಉಳಿದರ್ಧ ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಮರಳಬೇಕು. ಎರಡನೆಯ ಅರ್ಧ ಸುಮ್ಮನೆ ಬಂದ ಮಾತಲ್ಲ. ಅನ್ಯಾಯವಾಗಿ ಪಡೆದದ್ದನ್ನು ಒಡೆಯನಿಗೆ ಹಿಂದಿರುಗಿಸದೆ ಪರಿಹಾರ ಪೂರ್ತಿಯಾಗದು ಎಂಬುದು ಪಾದ್ರಿಗಳು ಕಟ್ಟುನಿಟ್ಟಾಗಿ ಕೇಳುತ್ತಿದ್ದ ಷರತ್ತು. ಮೂಲೆಯಲ್ಲಿ ಅಲುಗಾಡದೆ ಬಿದ್ದಿದ್ದ ಸಂಪತ್ತನ್ನು ಕೊನೆಗೂ ಕದಲಿಸಿದ್ದು ಈ ಉಯಿಲು.

ಮುಂದೆ ಪಂಚೇಂದ್ರಿಯ ಏಳು ಸಂಸ್ಕಾರಗಳನ್ನು ಹೆಸರಿಸಿ, ದೇವದೂತರಿಗೂ ಇಲ್ಲದ ಅಧಿಕಾರ ಪಾದ್ರಿಗಿದೆ ಎಂದು ಹೊಗಳುತ್ತಾನೆ. ಎವ್ರಿಮ್ಯಾನ್ ಪರಮಪ್ರಸಾದವನ್ನೂ ಅಂತಿಮ ಅಭ್ಯಂಗನವನ್ನೂ ಸ್ವೀಕರಿಸಲು ರಂಗದಾಚೆ ಹೋಗುತ್ತಾನೆ. ಅವನಿಲ್ಲದ ಆ ಹೊತ್ತಿನಲ್ಲಿ ಅರಿವು ಸಂಸ್ಕಾರಗಳನ್ನು ಹಣಕ್ಕೆ ಮಾರುವ, ಹೆಂಗಸರ ಸಹವಾಸದಲ್ಲಿ ಮಕ್ಕಳನ್ನು ಪಡೆದ ಪಾದ್ರಿಗಳನ್ನು ನೇರವಾಗಿ ಖಂಡಿಸುತ್ತಾಳೆ. ಎರಡು ಮಾತೂ ಒಟ್ಟಿಗೆ ನಿಲ್ಲುವುದು ಹೇಗೆ? ಸಂಸ್ಕಾರದ ಫಲ ಅದನ್ನು ನಡೆಸುವವನ ಯೋಗ್ಯತೆಯನ್ನು ಅವಲಂಬಿಸಿಲ್ಲ ಎಂಬುದು ಸಂತ ಅಗಸ್ಟೀನ್ ಕಾಲದಿಂದ ಬಂದ ಬೋಧನೆ. ಪಾದ್ರಿ ಕೆಟ್ಟವನಾಗಿದ್ದರೆ ಅದು ಅವನ ಪಾಪ. ಅವನ ಕೈಯಿಂದ ಬಂದ ಪ್ರಸಾದ ಕೆಟ್ಟದ್ದಲ್ಲ.

ಸಮಾಧಿ ಕಂಡ ಕೂಡಲೇ ಚೆಲುವು ಹೊರಡುತ್ತಾಳೆ. ಆಮೇಲೆ ಬಲ, ಆಮೇಲೆ ವಿವೇಕ, ಕೊನೆಗೆ ಪಂಚೇಂದ್ರಿಯ. ಮನುಷ್ಯ ಸಾಯುವಾಗ ಒಂದೊಂದಾಗಿ ಬಿಟ್ಟುಹೋಗುವ ಕ್ರಮವೇ ಇದು: ಮುಖದ ಕಳೆ, ಮೈಯ ಕಸು, ಬುದ್ಧಿಯ ಹಿಡಿತ, ಕೊನೆಗೆ ಕಣ್ಣು ಕಿವಿ. ಮೊದಲ ಭಾಗದಲ್ಲಿ ಕೈಕೊಟ್ಟವರು ಹೊರಗಿನವರು, ಈ ನಾಲ್ವರು ಒಳಗಿನವರು. ಗೆಳೆಯ ಕೈಬಿಟ್ಟಾಗ ಎವ್ರಿಮ್ಯಾನ್ ಎದೆಗುಂದಿದ್ದ. ಈಗ ನೋವಾದರೂ ಮುಂದೆ ಸಾಗುತ್ತಾನೆ. ಅರಿವು ಕೊನೆಯುಸಿರಿನವರೆಗೆ ನಿಂತು ಸಮಾಧಿಯ ಅಂಚಿನಲ್ಲಿ ಉಳಿಯುತ್ತಾಳೆ. ದೇವರನ್ನು ಕಣ್ಣಾರೆ ಕಾಣುವಲ್ಲಿ ದಾರಿ ತೋರಿಸುವವಳ ಅಗತ್ಯವಿಲ್ಲ ಎಂದು ಇದನ್ನು ಓದಬಹುದು. ಸತ್ಕಾರ್ಯ ಮಾತ್ರ ಜೊತೆಗೆ ಇಳಿಯುತ್ತಾಳೆ. ಶಿಲುಬೆಯ ಮೇಲೆ ಕ್ರಿಸ್ತ ಆಡಿದ ‘ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಎಂಬ ಮಾತನ್ನು ಲ್ಯಾಟಿನ್‌ನಲ್ಲಿ ಹೇಳುತ್ತ ಎವ್ರಿಮ್ಯಾನ್ ಸಾಯುತ್ತಾನೆ. ನಿನ್ನ ಲೆಕ್ಕ ಸ್ಫಟಿಕದಷ್ಟು ತಿಳಿಯಾಗಿದೆ ಎಂದು ದೇವದೂತ ಬರಮಾಡಿಕೊಳ್ಳುತ್ತಾನೆ.

ಸತ್ತ ಮೇಲೆ ದಯೆ ಸಿಗುತ್ತದೆಯೇ? ಎರಡು ನಾಟಕ, ಎರಡು ಉತ್ತರ

ಎಲ್ಲ ನೀತಿನಾಟಕಗಳೂ ಒಂದೇ ಮಾತು ಹೇಳುತ್ತವೆ ಎಂದುಕೊಳ್ಳುವುದು ಇನ್ನೊಂದು ತಪ್ಪು.

15ನೆಯ ಶತಮಾನದ ಮೊದಲ ಕಾಲುಭಾಗದ ‘ದಿ ಕಾಸಲ್ ಆಫ್ ಪರ್ಸಿವಿಯರೆನ್ಸ್’ ಸುಮಾರು 3,650 ಸಾಲುಗಳ ಭಾರಿ ನಾಟಕ. ಮಾನವ ಹುಟ್ಟುತ್ತಾನೆ, ಒಳ್ಳೆಯ ದೂತ ಕೆಟ್ಟ ದೂತ ಇಬ್ಬರೂ ಎಳೆದಾಡುತ್ತಾರೆ, ಪಾಪಕ್ಕೆ ಬೀಳುತ್ತಾನೆ, ಪ್ರಾಯಶ್ಚಿತ್ತ ಮಾಡಿ ಸದ್ಗುಣಗಳು ಕಾಯುವ ಕೋಟೆ ಸೇರುತ್ತಾನೆ. ಪಾಪಗಳು ಮುತ್ತಿಗೆ ಹಾಕಿದಾಗ ಸದ್ಗುಣಗಳು ಎಸೆಯುವ ಆಯುಧ ಗುಲಾಬಿ ಹೂ. ಅದು ಕ್ರಿಸ್ತನ ಯಾತನೆಯ ಗುರುತು. ಯುದ್ಧದಲ್ಲಿ ಕೋಟೆ ಬೀಳುವುದಿಲ್ಲ. ಆದರೆ ಮುದಿತನದಲ್ಲಿ ಲೋಭ ಬಂದು ಮೆಲ್ಲಗೆ ಮಾತಾಡಿದಾಗ ಮಾನವ ತಾನಾಗಿ ಕೆಳಗಿಳಿದು ಹೊರಟುಬಿಡುತ್ತಾನೆ. ಹೊರಗಿನ ದಾಳಿಗೆ ಬಗ್ಗದ್ದು ಒಳಗಿನ ಒಪ್ಪಿಗೆಗೆ ಬಗ್ಗುತ್ತದೆ, ಸ್ವತಂತ್ರ ಇಚ್ಛೆಯ ಬಗೆಗಿನ ಇಡೀ ಬೋಧನೆ ಈ ಒಂದು ನಡೆಯಲ್ಲಿದೆ. ಅವನು ಪಾಪದಲ್ಲೇ ಸಾಯುತ್ತಾನೆ. ಪಾದ್ರಿ ಇಲ್ಲ, ನಿವೇದನೆ ಇಲ್ಲ, ಕೊನೆಯುಸಿರಿನಲ್ಲಿ ದಯೆಗಾಗಿ ಒಂದು ಕೂಗು ಮಾತ್ರ. ಆತ್ಮವನ್ನು ಕೆಟ್ಟ ದೂತ ನರಕಕ್ಕೆ ಹೊತ್ತೊಯ್ಯುತ್ತಾನೆ. ಆಗ ದೇವರ ನಾಲ್ವರು ಹೆಣ್ಣುಮಕ್ಕಳು, ಬೈಬಲಿನ 85ನೆಯ ಕೀರ್ತನೆಯಿಂದ ಬಂದ ದಯೆ, ಸತ್ಯ, ನ್ಯಾಯ, ಶಾಂತಿ, ದೇವರ ಮುಂದೆ ವಾದಿಸುತ್ತಾರೆ. ನ್ಯಾಯವೂ ಸತ್ಯವೂ ಹೇಳುವುದರಲ್ಲಿ ತಪ್ಪೇನಿಲ್ಲ, ಇವನು ಶಿಕ್ಷೆಗೆ ಅರ್ಹ. ದಯೆ ಕ್ರಿಸ್ತನ ಯಾತನೆಯನ್ನು ಮುಂದಿಡುತ್ತಾಳೆ. ದೇವರು ಆ ಕಡೆ ವಾಲುತ್ತಾನೆ, ಆತ್ಮ ನರಕದಿಂದ ಹೊರಬರುತ್ತದೆ.

ಸುಮಾರು 1465–70ರ ‘ಮ್ಯಾನ್‌ಕೈಂಡ್’ ಇದಕ್ಕೆ ಸರಿಯಾಗಿ ಎದುರು ನಿಲ್ಲುತ್ತದೆ. ಇಲ್ಲಿ ಮಾನವ ಸನಿಕೆ ಹಿಡಿದ ರೈತ. ಟಿಟಿವಿಲ್ಲಸ್ ಎಂಬ ದೆವ್ವ ನೆಲದಡಿ ಹಲಗೆ ಹುದುಗಿಸಿ ಅಗೆಯಲಾಗದಂತೆ ಮಾಡುತ್ತದೆ, ಬಿತ್ತನೆ ಬೀಜಕ್ಕೆ ಕಳೆ ಬೆರೆಸುತ್ತದೆ, ಪ್ರಾರ್ಥನೆಗೆ ಕೂತವನಿಗೆ ಬಯಲಿಗೆ ಹೋಗುವ ಅವಸರ ತರಿಸುತ್ತದೆ, ಮಲಗಿದವನ ಕಿವಿಯಲ್ಲಿ ‘ದಯೆ ಕುದುರೆ ಕದ್ದು ನೇಣಿಗೇರಿದ’ ಎಂದು ಉಸುರುತ್ತದೆ. ಇಲ್ಲಿ ದಯೆ ಪಾದ್ರಿಯ ಪಾತ್ರ. ಒಂದೊಂದೂ ಚಿಲ್ಲರೆ ಕಿರುಕುಳ, ಅದಕ್ಕೇ ಅವು ನಂಬುವಂತಿವೆ. ಕೊನೆಗೆ ರೈತ ಹತಾಶೆಯಿಂದ ಹಗ್ಗಕ್ಕೆ ಕೊರಳೊಡ್ಡಲು ಹೊರಡುತ್ತಾನೆ. ನನ್ನಂಥವನು ಮತ್ತೆ ಮತ್ತೆ ಕ್ಷಮೆ ಕೇಳುವುದು ನಾಚಿಕೆಗೇಡು ಎಂಬುದು ಅವನ ಕೊರಗು. ಹತಾಶೆಯನ್ನು ಧರ್ಮಸಭೆ ಅತ್ಯಂತ ಅಪಾಯಕಾರಿ ಪಾಪವೆಂದು ಎಣಿಸಿದ್ದು ಇದಕ್ಕೇ. ಬೇರೆ ಪಾಪಗಳಿಗೆ ಕ್ಷಮೆಯಿದೆ, ಕ್ಷಮೆ ಇಲ್ಲವೆಂದು ನಂಬಿದವನು ಅದನ್ನು ಕೇಳುವುದೇ ಇಲ್ಲ. ದಯೆ ಅವನನ್ನು ಉಳಿಸುತ್ತಾನೆ, ಜೊತೆಗೆ ಎಚ್ಚರಿಕೆಯನ್ನೂ ಕೊಡುತ್ತಾನೆ: ಈ ಬದುಕಿನಲ್ಲಿ ದಯೆಗೆ ಕೊರತೆಯಿಲ್ಲ, ಸತ್ತ ಮೇಲೆ ಕೊನೆಯ ಕಾಸಿನವರೆಗೂ ಲೆಕ್ಕ ಒಪ್ಪಿಸಬೇಕು.

ಒಂದು ನಾಟಕ ನರಕದ ಬಾಗಿಲಲ್ಲೂ ದಯೆ ತೋರಿಸುತ್ತದೆ, ಇನ್ನೊಂದು ಉಸಿರಿರುವಾಗಲೇ ಕೇಳು ಎನ್ನುತ್ತದೆ. ಇದನ್ನು ಗೊಂದಲ ಎನ್ನಬೇಕಿಲ್ಲ. ಮೊದಲನೆಯದು ಹತಾಶರಾದವರಿಗೆ ಹೇಳಿದ ಮಾತು, ಎರಡನೆಯದು ಹತಾಶರಿಗೂ ಅಸಡ್ಡೆಯವರಿಗೂ ಒಟ್ಟಿಗೆ ಹೇಳಿದ ಮಾತು. ‘ಎವ್ರಿಮ್ಯಾನ್’ ನಡುದಾರಿ ಹಿಡಿದು ಕೊನೆಯ ದಿನದಲ್ಲೂ ಸಮಯವಿದೆ, ಆದರೆ ಒಂದೇ ದಿನ ಎನ್ನುತ್ತದೆ.

ರಂಗದ ಮೇಲೆ

‘ಕಾಸಲ್’ ಹಸ್ತಪ್ರತಿಯಲ್ಲಿ ರಂಗದ ನಕ್ಷೆಯೂ ಇದೆ. ದುಂಡನೆಯ ಬಯಲು, ಸುತ್ತ ನೀರಿನ ಕಂದಕ. ಕಂದಕ ತೋಡಲಾಗದಿದ್ದರೆ ಗಟ್ಟಿ ಬೇಲಿ. ನಡುವೆ ಕೋಟೆ, ಅದರಡಿ ಮಾನವನ ಹಾಸಿಗೆ. ಆತ್ಮದ ಪಾತ್ರಧಾರಿ ತನ್ನ ಸರದಿ ಬರುವವರೆಗೆ ಹಾಸಿಗೆಯ ಕೆಳಗೆ ಮಲಗಿರಬೇಕು. ಹಾಸಿಗೆಯ ಕಾಲ್ದೆಸೆಯಲ್ಲಿ ಲೋಭದ ಕಪಾಟು. ಸುತ್ತ ಐದು ಅಟ್ಟ: ಪೂರ್ವಕ್ಕೆ ದೇವರು, ದಕ್ಷಿಣಕ್ಕೆ ಶರೀರ, ಪಶ್ಚಿಮಕ್ಕೆ ಲೋಕ, ಉತ್ತರಕ್ಕೆ ದೆವ್ವ ಬೆಲಿಯಲ್, ಈಶಾನ್ಯಕ್ಕೆ ಲೋಭ. ಬೇರೆ ಪಾಪಗಳು ಒಡೆಯರ ಅಟ್ಟಗಳಲ್ಲಿದ್ದರೆ ಲೋಭಕ್ಕೆ ಮಾತ್ರ ಸ್ವಂತ ಅಟ್ಟ, ಅದೂ ದೇವರಿಗೂ ದೆವ್ವಕ್ಕೂ ನಡುವೆ. ಕೋಟೆಯ ಸುತ್ತ ಜನ ಕೂರಬಾರದು, ನೋಟಕ್ಕೆ ಅಡ್ಡವಾಗುತ್ತದೆ ಎಂಬ ಸೂಚನೆಯಿದೆ. ಯುದ್ಧಕ್ಕೆ ಹೊರಡುವ ಬೆಲಿಯಲ್‌ನ ಕೈ, ಕಿವಿ, ಹಿಂಭಾಗದ ಕೊಳವೆಗಳಲ್ಲಿ ಮದ್ದಿನ ಪುಡಿ ಉರಿಯುತ್ತಿರಬೇಕು. ದಯೆಗೆ ಬಿಳಿ ನಿಲುವಂಗಿ, ನ್ಯಾಯಕ್ಕೆ ಕೆಂಪು, ಸತ್ಯಕ್ಕೆ ಕಡುಹಸಿರು, ಶಾಂತಿಗೆ ಕಪ್ಪು. ‘ಮ್ಯಾನ್‌ಕೈಂಡ್’ ಇದಕ್ಕೆ ತದ್ವಿರುದ್ಧ: ಆರೇಳು ನಟರ ತಂಡ ಸಾಕು, ಮುಖ್ಯ ದೆವ್ವ ಹೊರಬರುವ ಮೊದಲು ಪ್ರೇಕ್ಷಕರಿಂದ ಹಣ ಎತ್ತುತ್ತಾರೆ. ದೆವ್ವವನ್ನು ನೋಡಲು ಕಾಸು ಕೊಟ್ಟವರು ಆಗಲೇ ಬಲೆಗೆ ಬಿದ್ದಿರುತ್ತಾರೆ.

‘ಎವ್ರಿಮ್ಯಾನ್’ಗೆ ಎಂಟು ಜನ ಸಾಕು. ಸಮಾಧಿಯ ದೃಶ್ಯದಲ್ಲಿ ಒಟ್ಟಿಗೆ ನಿಲ್ಲಬೇಕಾದವರು ಏಳು ಮಂದಿ. ಮೊದಲ ಭಾಗದಲ್ಲಿ ಕೈಕೊಡುವ ನಾಲ್ವರ ಪಾತ್ರ ಮಾಡಿದವರೇ ಎರಡನೆಯ ಭಾಗದ ಚೆಲುವು, ಬಲ, ವಿವೇಕ, ಪಂಚೇಂದ್ರಿಯ ಆಗಬಹುದು. ಹಾಗೆ ಮಾಡಿದರೆ ಅದೇ ಮುಖಗಳು ಎರಡನೆಯ ಸಲ ಬೆನ್ನು ತಿರುಗಿಸುವುದನ್ನು ಪ್ರೇಕ್ಷಕ ಕಾಣುತ್ತಾನೆ. ಸಾವು, ಪಾಪನಿವೇದನೆ, ದೇವದೂತ ಒಬ್ಬನಿಗೆ. ದೇವರ ಪಾತ್ರವನ್ನು ನಾಟಕದ ಮೊದಲರ್ಧದಲ್ಲಿ ಬಿಡುವಿರುವ ಯಾರಾದರೂ ಮಾಡಬಹುದು.

ರೋಮ್‌ನ ಧರ್ಮಸಭೆಯಿಂದ ಪ್ರಾಟೆಸ್ಟೆಂಟರು ಬೇರೆಯಾದ ಸುಧಾರಣೆಯ ಬಿರುಗಾಳಿ ಬೀಸಿದ್ದು ಈ ನಾಟಕ ಅಚ್ಚಾಗುತ್ತಿದ್ದ ದಶಕಗಳಲ್ಲೇ. ತನ್ನ ಕೈಲಾದ್ದನ್ನು ಮಾಡುವವನಿಗೆ ದೇವರು ಕೃಪೆ ನಿರಾಕರಿಸುವುದಿಲ್ಲ ಎಂಬ ಹಳೆಯ ಸೂತ್ರದ ಮೇಲೆ ಸುಧಾರಣೆಯ ಮುಂದಾಳು ಲೂಥರ್ 1517ರಲ್ಲಿ ಮುಗಿಬಿದ್ದರು. ಮನುಷ್ಯ ಕೃಪೆಗೆ ತಾನೇ ಸಿದ್ಧನಾಗಬಲ್ಲ ಎಂಬುದೇ ಸುಳ್ಳು, ವಿಶ್ವಾಸದಿಂದ ಮಾತ್ರ ರಕ್ಷಣೆ ಎಂದರು. ಎವ್ರಿಮ್ಯಾನ್‌ನ ಚಾವಟಿ, ಉಯಿಲು, ಪಾದ್ರಿಯ ಹಿರಿಮೆ ಎಲ್ಲಕ್ಕೂ ಪ್ರಾಟೆಸ್ಟೆಂಟ್ ಇಂಗ್ಲೆಂಡಿನಲ್ಲಿ ನೆಲೆ ತಪ್ಪಿತು. ರಂಗನಿರ್ದೇಶಕ ವಿಲಿಯಂ ಪೋಲ್ 1901ರ ಜುಲೈಯಲ್ಲಿ ಲಂಡನ್ನಿನ ಚಾರ್ಟರ್‌ಹೌಸ್‌ನಲ್ಲಿ ಆಡಿಸಿದ ಮೇಲೆಯೇ ಅದು ರಂಗಕ್ಕೆ ಮರಳಿದ್ದು. ಆಸ್ಟ್ರಿಯದ ಲೇಖಕ ಹ್ಯೂಗೊ ಫಾನ್ ಹಾಫ್‌ಮನ್‌ಸ್ಟಾಲ್ 1911ರಲ್ಲಿ ಬರೆದ ಜರ್ಮನ್ ರೂಪ ‘ಯೇಡರ್‌ಮನ್’ 1920ರಿಂದ ಸಾಲ್ಸ್‌ಬರ್ಗ್ ಉತ್ಸವದಲ್ಲಿ ಕ್ಯಾಥೆಡ್ರಲ್ ಮುಂದಿನ ಚೌಕದಲ್ಲಿ ನಡೆಯುತ್ತ ಬಂದಿದೆ. ಅದರಲ್ಲಿ ಸತ್ಕಾರ್ಯಳ ಸೋದರಿಯಾಗಿ ಬರುವವಳು ಅರಿವಲ್ಲ, ವಿಶ್ವಾಸ.

ಇಂದು ಮೂಲ ನಾಟಕವನ್ನು ಆಡಿಸುವವರು ಸಾಮಾನ್ಯವಾಗಿ ಕತ್ತರಿಸುವುದು ಮೂರು ಭಾಗ: ಚಾವಟಿ, ಏಳು ಸಂಸ್ಕಾರಗಳ ಪಟ್ಟಿ, ಪಾದ್ರಿಗಳ ಖಂಡನೆ. ಚಾವಟಿ ಮುಜುಗರ, ಪಟ್ಟಿ ನೀರಸ, ಖಂಡನೆ ಕಥೆಗೆ ಹೊರಗಿನದು ಎಂಬುದು ಕಾರಣ. ಚಾವಟಿ ಹೋದರೆ ಸತ್ಕಾರ್ಯ ಯಾವ ಕಾರಣವೂ ಇಲ್ಲದೆ ಎದ್ದು ಬಂದಂತಾಗುತ್ತದೆ, ಪ್ರೇಕ್ಷಕ ಅವಳ ಚೇತರಿಕೆಯನ್ನು ಪವಾಡವೆಂದುಕೊಳ್ಳುತ್ತಾನೆ. ಪಟ್ಟಿ ಹೋದರೆ ಎವ್ರಿಮ್ಯಾನ್ ರಂಗದಾಚೆ ಹೋದದ್ದು ಎಲ್ಲಿಗೆ ಎಂದೇ ತಿಳಿಯುವುದಿಲ್ಲ. ಖಂಡನೆ ಹೋದರೆ ಅವನು ಹೋಗಿ ಬರುವಷ್ಟು ಹೊತ್ತು ರಂಗ ಖಾಲಿಯಾಗುತ್ತದೆ. ಸಮಯ ಉಳಿಸಲೇಬೇಕಾದರೆ ಬಂಧು ಮತ್ತು ದಾಯಾದಿಯ ಮಾತುಗಳನ್ನು ಒಂದುಗೂಡಿಸಬಹುದು, ಸ್ನೇಹದ ಭರವಸೆಗಳನ್ನು ಅರ್ಧಕ್ಕೆ ಇಳಿಸಬಹುದು. ಅಲ್ಲಿ ಹೇಳಿದ್ದನ್ನೇ ಮತ್ತೆ ಹೇಳಲಾಗಿದೆ, ಕಡಿಮೆಯಾದರೆ ನಷ್ಟವಿಲ್ಲ.